ಎರಡನೇ ಡಿಎನ್‌ಎಸ್ ಆಗಿ 8.8.8.8 ಹಾಕಬಹುದಾ?

ಪ್ರಶ್ನೆ: ಸರ್, ನಮ್ಮ ಆಫೀಸಿನಲ್ಲಿ ನಲವತ್ತು ಪಿಸಿ ಇವೆ. ಎಲ್ಲವೂ ಡೊಮೈನ್‌ಗೆ ಸೇರಿವೆ. ಡೊಮೈನ್ ಕಂಟ್ರೋಲರ್ ಒಂದೇ. ಪಿಸಿಗಳಲ್ಲಿ ಮೊದಲ ಡಿಎನ್‌ಎಸ್ ಆಗಿ ಸರ್ವರಿನ ಐಪಿ ಕೊಟ್ಟಿದ್ದೇವೆ, ಎರಡನೆಯದಾಗಿ 8.8.8.8. ಸರ್ವರ್ ನಿಂತರೂ ಇಂಟರ್ನೆಟ್ ನಡೀತಾ ಇರಲಿ ಅಂತ. ಇದು ಸರಿ ಅಲ್ವಾ?

ಸರಿಯಲ್ಲ. ಆ 8.8.8.8 ಅನ್ನು ಇವತ್ತೇ ತೆಗೆದುಬಿಡಿ. ಹೊಸಬರಿಗಾಗಿ ಒಂದು ಮಾತು: ಡಿಎನ್‌ಎಸ್ ಅಂದರೆ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ಸೇವೆ, 8.8.8.8 ಗೂಗಲ್ ಎಲ್ಲರಿಗೂ ತೆರೆದಿಟ್ಟ ಡಿಎನ್‌ಎಸ್. ಡೊಮೈನ್ ಅಂದರೆ ಆಫೀಸಿನ ಪಿಸಿಗಳನ್ನೂ ಬಳಕೆದಾರರನ್ನೂ ಒಂದೇ ಕಡೆಯಿಂದ ನಿಭಾಯಿಸುವ ಏರ್ಪಾಡು, ಅದನ್ನು ನಡೆಸುವ ಸರ್ವರೇ ಡೊಮೈನ್ ಕಂಟ್ರೋಲರ್.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಫೋನಿನಲ್ಲಿ ಹೇಳಿದ್ದೇನೆ, ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಕೇಳಿದವರು ತಲೆ ಆಡಿಸುತ್ತಾರೆ. ಆರು ತಿಂಗಳ ನಂತರ ಅವರದೇ ಆಫೀಸಿಗೆ ಹೋಗಿ ನೋಡಿದರೆ ಎರಡನೇ ಪೆಟ್ಟಿಗೆಯಲ್ಲಿ ಮತ್ತೆ ನಾಲ್ಕು ಎಂಟುಗಳು ಕೂತಿರುತ್ತವೆ. ಅದಕ್ಕೇ ಈ ಸಲ ಉದ್ದವಾಗಿಯೇ ಬರೆಯುತ್ತೇನೆ.

ಇದೆಲ್ಲದರ ಹಿಂದೆ ಇರುವುದು ಒಂದೇ ಒಂದು ತಪ್ಪು ನಂಬಿಕೆ. "ಪಿಸಿ ಮೊದಲು ನಮ್ಮ ಸರ್ವರನ್ನು ಕೇಳುತ್ತದೆ. ಅದಕ್ಕೆ ಗೊತ್ತಿಲ್ಲದಿದ್ದರೆ ಗೂಗಲ್ ಅನ್ನು ಕೇಳುತ್ತದೆ. ಒಳಗಿನ ಹೆಸರಿಗೆ ಒಳಗಿನವನು, ಹೊರಗಿನ ಹೆಸರಿಗೆ ಹೊರಗಿನವನು." ಕೇಳಲು ಎಷ್ಟು ಸಲೀಸಾಗಿದೆ! ವಿಂಡೋಸ್ ಹೀಗೆ ಕೆಲಸ ಮಾಡುವುದೇ ಇಲ್ಲ.

ಪಿಸಿ ಕೇಳಿದ ಹೆಸರಿಗೆ ಡಿಎನ್‌ಎಸ್ ಸರ್ವರ್ "ಆ ಹೆಸರು ಇಲ್ಲ" ಎಂದು ಹೇಳಿದರೆ, ಅದೂ ಒಂದು ಉತ್ತರವೇ. ಪೂರ್ತಿ ಉತ್ತರ. ಪಿಸಿ ಅದನ್ನು ನಂಬಿ ಅಲ್ಲಿಗೇ ನಿಲ್ಲಿಸುತ್ತದೆ. "ಇವನಿಗೆ ಗೊತ್ತಿಲ್ಲ, ಪಕ್ಕದವನನ್ನು ಕೇಳೋಣ" ಎಂದು ಮುಂದೆ ಹೋಗುವುದಿಲ್ಲ. ಎರಡನೇ ಸರ್ವರಿನ ಕಡೆ ಅದು ತಿರುಗುವುದು ಮುಖ್ಯವಾಗಿ ಮೊದಲನೆಯದು ಬಾಯಿಯೇ ಬಿಡದಿದ್ದಾಗ. "ಇಲ್ಲ" ಅನ್ನುವುದು ಬೇರೆ, ಮಾತೇ ಆಡದಿರುವುದು ಬೇರೆ. ಈ ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಸಮಯದ ಲೆಕ್ಕ. ಮೊದಲ ಸರ್ವರ್ ಸುಮಾರು ಒಂದು ಸೆಕೆಂಡು ಉತ್ತರ ಕೊಡದಿದ್ದರೆ ಸಾಕು, ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಒಂದು ಸೆಕೆಂಡು! ಸರ್ವರ್ ಸತ್ತಿರಬೇಕಾಗಿಲ್ಲ. ಆಂಟಿವೈರಸ್ ಪೂರ್ತಿ ಸ್ಕ್ಯಾನ್ ಮಾಡುತ್ತಿದ್ದರೆ, ಅಪ್‌ಡೇಟ್ ಹಾಕಿಕೊಂಡು ರೀಸ್ಟಾರ್ಟ್ ಆಗುತ್ತಿದ್ದರೆ, ಸ್ವಿಚ್‌ನಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ ಅಷ್ಟು ಸಾಕು. ಎರಡನೆಯದು ಚುರುಕಾಗಿ ಉತ್ತರ ಕೊಟ್ಟಿತು ಅನ್ನಿ. ವಿಂಡೋಸ್ ಅದನ್ನೇ ಮುಂದಿನ ಸಾಲಿಗೆ ತಂದು ಕೂರಿಸುತ್ತದೆ. ಆ ಕ್ರಮವನ್ನು ಮತ್ತೆ ಮೊದಲಿನಂತೆ ಮಾಡುವುದು ಸಾಮಾನ್ಯವಾಗಿ ಹದಿನೈದು ನಿಮಿಷಕ್ಕೊಮ್ಮೆ. ಅಷ್ಟು ಹೊತ್ತು ಆ ಪಿಸಿ ನಿಮ್ಮ ಆಫೀಸಿನ ಒಳಗಿನ ಹೆಸರುಗಳನ್ನೂ ಗೂಗಲ್ ಹತ್ತಿರವೇ ಕೇಳುತ್ತಿರುತ್ತದೆ.

ಗೂಗಲ್‌ಗೆ ನಿಮ್ಮ ಡೊಮೈನ್ ಬಗ್ಗೆ ಏನು ಗೊತ್ತು? ನಿಮ್ಮ ಸ್ಟೋರ್ ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಮೆಜೆಸ್ಟಿಕ್ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೇಳಿದ ಹಾಗೆ. ಕೌಂಟರಿನವರು ಪ್ರಾಮಾಣಿಕವಾಗಿ "ಅಂಥದ್ದು ಇಲ್ಲಿ ಯಾವುದೂ ಇಲ್ಲ" ಅನ್ನುತ್ತಾರೆ. ಪಿಸಿ ಅದನ್ನು ನಂಬಿ ಸುಮ್ನಾಗುತ್ತದೆ. ಪಕ್ಕದ ಕೋಣೆಯಲ್ಲೇ ಸರ್ವರ್ ಆರೋಗ್ಯವಾಗಿ ಓಡುತ್ತಿದ್ದರೂ ಅದರ ಪಾಲಿಗೆ ಡೊಮೈನ್ ಇಲ್ಲ.

ಪೀಣ್ಯದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಹತ್ತರ ಒಳಗೆ ಕೆಲವರಿಗೆ ಮಾತ್ರ ಶೇರ್ ಫೋಲ್ಡರ್ ತೆರೆಯುತ್ತಿರಲಿಲ್ಲ. ಇವತ್ತು ಅಕೌಂಟ್ಸ್‌ನವರಿಗೆ, ನಾಳೆ ಪರ್ಚೇಸ್‌ನವರಿಗೆ. ಹತ್ತೂವರೆಗೆ ತಾನಾಗಿಯೇ ಸರಿಹೋಗುತ್ತಿತ್ತು. ಸ್ವಿಚ್ ಬದಲಾಯಿಸಿದರು, ಕೇಬಲ್ ಹೊಸದು ಎಳೆಸಿದರು, ನಾಲ್ಕು ಪಿಸಿಗಳಿಗೆ ವಿಂಡೋಸ್ ಮತ್ತೆ ಹಾಕಿದರು. ಕಾರಣ, ಪಿಸಿಗಳಿಗೆ ಐಪಿ, ಡಿಎನ್‌ಎಸ್ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯ 6ನೇ ಆಪ್ಷನ್‌ನಲ್ಲಿ ಕೂತಿದ್ದ 8.8.8.8. ಸರ್ವರಿನಲ್ಲಿ ಒಂಬತ್ತಕ್ಕೆ ಸ್ಕ್ಯಾನ್ ಶುರುವಾಗುತ್ತಿತ್ತು. ಎಲ್ಲರೂ ಲಾಗಿನ್ ಆಗುವುದೂ ಅದೇ ಹೊತ್ತಿಗೆ. ಒಂದು ಸಾಲು ಅಳಿಸಿದೆ, ಅಲ್ಲಿಗೆ ಮುಗಿಯಿತು. ಆ ಹುಡುಗರು ಮೂರು ವಾರ ರಾತ್ರಿ ಕೂತು ಪಟ್ಟ ಕಷ್ಟ ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಡೊಮೈನ್‌ಗೆ ಡಿಎನ್‌ಎಸ್ ಯಾಕೆ ಇಷ್ಟು ಮುಖ್ಯ? 2000ದಲ್ಲಿ ವಿಂಡೋಸ್ 2000 ಸರ್ವರ್ ಜೊತೆ, ಡೊಮೈನ್‌ನ ಬಳಕೆದಾರರ ಮತ್ತು ಪಿಸಿಗಳ ವಿವರ ಇಟ್ಟುಕೊಳ್ಳುವ ಆಕ್ಟಿವ್ ಡೈರೆಕ್ಟರಿ ಬಂದಾಗಿನಿಂದ ಪಿಸಿ ತನ್ನ ಡೊಮೈನ್ ಕಂಟ್ರೋಲರನ್ನು ಹುಡುಕುವುದು ಡಿಎನ್‌ಎಸ್ ಮೂಲಕವೇ. ವೆಬ್‌ಸೈಟಿನ ಹೆಸರಿಗೆ ಐಪಿ ಕೇಳುವುದು ಒಂದು ಬಗೆ. ಪಿಸಿ ಇಲ್ಲಿ ಕೇಳುವುದು ಎಸ್‌ಆರ್‌ವಿ ದಾಖಲೆ. "ಈ ಡೊಮೈನ್‌ನಲ್ಲಿ ಎಲ್‌ಡ್ಯಾಪ್ ಸೇವೆ ಕೊಡುವವರು ಯಾರು, ಯಾವ ಪೋರ್ಟಿನಲ್ಲಿ?" "ಕೆರ್ಬೆರಾಸ್ ಟಿಕೆಟ್ ಕೊಡುವವರು ಯಾರು?" ಎಲ್‌ಡ್ಯಾಪ್ ಅಂದರೆ ಡೈರೆಕ್ಟರಿಯಲ್ಲಿ ಹುಡುಕುವ ವಿಧಾನ, ಕೆರ್ಬೆರಾಸ್ ಅಂದರೆ ಬಳಕೆದಾರರ ಗುರುತು ಖಚಿತಪಡಿಸುವ ವಿಧಾನ. ಡೊಮೈನ್ ಕಂಟ್ರೋಲರಿನಲ್ಲಿರುವ ನೆಟ್‌ಲಾಗಾನ್ ಸೇವೆ ಈ ದಾಖಲೆಗಳನ್ನು ತಾನೇ ಬರೆದಿಡುತ್ತದೆ, ಆಗಾಗ ಹೊಸದು ಮಾಡುತ್ತಿರುತ್ತದೆ. ಎಲ್‌ಡ್ಯಾಪ್ 389, ಕೆರ್ಬೆರಾಸ್ 88 ಅನ್ನುವ ಪೋರ್ಟ್ ನಂಬರುಗಳೂ ಅಲ್ಲೇ ಇರುತ್ತವೆ. ಲಾಗಿನ್, ಸರ್ವರಿನಿಂದ ಪಿಸಿಗಳಿಗೆ ಇಳಿಯುವ ನಿಯಮಗಳಾದ ಗ್ರೂಪ್ ಪಾಲಿಸಿ, ಶೇರ್ ಫೋಲ್ಡರ್, ಪ್ರಿಂಟರ್ ಎಲ್ಲವೂ ಈ ಹುಡುಕಾಟ ಗೆದ್ದ ಮೇಲೆ. ಈ ದಾಖಲೆಗಳು ನಿಮ್ಮ ಸರ್ವರಿನಲ್ಲಿ ಮಾತ್ರ ಇವೆ. 8.8.8.8ರಲ್ಲಿ ಇಲ್ಲ, ಕ್ಲೌಡ್‌ಫ್ಲೇರ್‌ನ 1.1.1.1ರಲ್ಲೂ ಇಲ್ಲ, ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್‌ನಲ್ಲೂ ಇಲ್ಲ.

ಇಷ್ಟು ಹೇಳಿದ ಮೇಲೆ ಬರುವ ಮಾತು ನನಗೆ ಬಾಯಿಪಾಠ. "ಆದರೆ ಸರ್, ನಮ್ಮಲ್ಲಿ ಎರಡು ವರ್ಷದಿಂದ ಹೀಗೇ ಇದೆ. ಏನೂ ತೊಂದರೆ ಇಲ್ಲ. ಲಾಗಿನ್ ಆಗ್ತಾ ಇದೆ."

ಲಾಗಿನ್ ಆಗುತ್ತದೆ, ನಿಜ. ಡೊಮೈನ್ ಕಂಟ್ರೋಲರ್ ಸಿಗದಿದ್ದರೂ ಆಗುತ್ತದೆ. ಹಿಂದೆ ಲಾಗಿನ್ ಆದ ಹತ್ತು ಬಳಕೆದಾರರ ಗುರುತನ್ನು ವಿಂಡೋಸ್ ಪಿಸಿಯಲ್ಲೇ ಇಟ್ಟುಕೊಂಡಿರುತ್ತದೆ. ಸರ್ವರ್ ಸಿಗದಿದ್ದರೆ ಆ ನೆನಪಿನಿಂದಲೇ ಒಳಗೆ ಬಿಡುತ್ತದೆ. ಲ್ಯಾಪ್‌ಟಾಪ್ ಮನೆಗೆ ಒಯ್ದಾಗ ಉಪಯೋಗವಾಗಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಆಫೀಸಿನಲ್ಲಿ ಅದೇ ರೋಗವನ್ನು ಮುಚ್ಚಿಡುತ್ತದೆ. ಒಳಗೆ ಬಂದಾಯಿತು, ಆದರೆ ಹೊಸ ಪಾಲಿಸಿ ಇಳಿದಿಲ್ಲ. ನಿನ್ನೆ ಸರ್ವರಿನಲ್ಲಿ ಬದಲಾಯಿಸಿದ ಪಾಸ್‌ವರ್ಡ್ ಹಿಡಿಯುತ್ತಿಲ್ಲ, ಹಳೆಯದು ಹಿಡಿಯುತ್ತಿದೆ. ಕೆಲಸ ಬಿಟ್ಟು ಹೋದವರ ಅಕೌಂಟ್ ನೀವು ಮುಚ್ಚಿದ್ದರೂ ಆ ಪಿಸಿಗೆ ಸುದ್ದಿ ಮುಟ್ಟಿಲ್ಲ. "ತೊಂದರೆ ಇಲ್ಲ" ಅನ್ನುವವರ ಪಿಸಿಯಲ್ಲಿ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ನೆಟ್‌ಲಾಗಾನ್ 5719, ಗ್ರೂಪ್ ಪಾಲಿಸಿ 1129. ಎರಡೂ ಡೊಮೈನ್ ಕಂಟ್ರೋಲರ್ ಸಿಗಲಿಲ್ಲ ಎಂಬ ದೂರುಗಳೇ. ಎರಡು ವರ್ಷದ ದೂರು ಅಲ್ಲಿ ಸಾಲುಗಟ್ಟಿರುತ್ತದೆ, ಓದಿದವರು ಯಾರೂ ಇಲ್ಲ.

ಇನ್ನೊಂದು ಮೋಸ, ಡಿಎನ್‌ಎಸ್ ಪರೀಕ್ಷಿಸುವ ಕಮಾಂಡ್ ಎನ್‌ಎಸ್‌ಲುಕಪ್‌ನದು. ತೊಂದರೆ ಬಂದಾಗ ಎಲ್ಲರೂ ಮೊದಲು ಓಡಿಸುವುದು ಅದನ್ನೇ. ಅದು ಸರಿಯಾದ ಉತ್ತರ ತೋರಿಸುತ್ತದೆ, "ಡಿಎನ್‌ಎಸ್ ಚೆನ್ನಾಗಿದೆ" ಎಂದು ತೀರ್ಮಾನವಾಗುತ್ತದೆ. ಆದರೆ ಎನ್‌ಎಸ್‌ಲುಕಪ್ ವಿಂಡೋಸ್‌ನ ಮಾಮೂಲಿ ದಾರಿಯಲ್ಲಿ ಹೋಗುವುದಿಲ್ಲ. ಪಟ್ಟಿಯ ಮೊದಲ ಸರ್ವರನ್ನು ತಾನೇ ನೇರವಾಗಿ ಕೇಳುತ್ತದೆ. ಪಿಸಿಯ ನೆನಪನ್ನೂ ನೋಡುವುದಿಲ್ಲ, ಯಾವ ಸರ್ವರ್ ಸದ್ಯ ಮುಂದಿದೆ ಎಂಬುದನ್ನೂ ನೋಡುವುದಿಲ್ಲ. ಪಿಸಿಗೆ ನಿಜವಾಗಿ ಏನು ಸಿಗುತ್ತಿದೆ ಎಂದು ತಿಳಿಯಬೇಕಾದರೆ ಪವರ್‌ಶೆಲ್‌ನಲ್ಲಿ ರಿಸಾಲ್ವ್-ಡಿಎನ್‌ಎಸ್‌ನೇಮ್ ಓಡಿಸಿ, ಸರ್ವರ್ ಹೆಸರು ಕೊಡದೆ. ಸುಮ್ನೆ ಒಂದು ಪಿಂಗ್ ಮಾಡಿದರೂ ಎನ್‌ಎಸ್‌ಲುಕಪ್‌ಗಿಂತ ಜಾಸ್ತಿ ಸತ್ಯ ಗೊತ್ತಾಗುತ್ತದೆ.

ಹಾಗಾದರೆ 8.8.8.8 ಎಲ್ಲಿರಬೇಕು? ಸರ್ವರಿನ ಒಳಗೆ. ಡಿಎನ್‌ಎಸ್ ಮ್ಯಾನೇಜರ್ ತೆರೆಯಿರಿ, ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಫಾರ್ವರ್ಡರ್ಸ್ ಟ್ಯಾಬ್. ಅಲ್ಲಿ ಹಾಕಿ. ನಿಮ್ಮ ಮನಸ್ಸಿನಲ್ಲಿದ್ದ "ಗೊತ್ತಿಲ್ಲದಿದ್ದರೆ ಹೊರಗೆ ಕೇಳು" ಎಂಬ ಕೆಲಸ ನಡೆಯುವುದು ಇಲ್ಲಿ. ಪಿಸಿ ಯಾವಾಗಲೂ ನಿಮ್ಮ ಸರ್ವರನ್ನೇ ಕೇಳುತ್ತದೆ. ತನ್ನ ಡೊಮೈನ್‌ನ ಹೆಸರಾದರೆ ಸರ್ವರ್ ತಾನೇ ಹೇಳುತ್ತದೆ. ಹೊರಗಿನದಾದರೆ ತಾನು ಹೋಗಿ ಕೇಳಿಕೊಂಡು ಬಂದು ಹೇಳುತ್ತದೆ, ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ಒಬ್ಬರು ಕೇಳಿದ ಹೆಸರು ಮತ್ತೊಬ್ಬರಿಗೆ ಬೇಗ ಸಿಗುತ್ತದೆ.

ಪಿಸಿಗಳಲ್ಲಿ ಒಂದೊಂದಾಗಿ ಅಳಿಸುತ್ತಾ ಕೂರಬೇಡಿ. ಡಿಎಚ್‌ಸಿಪಿಯಲ್ಲಿ ಸರಿಮಾಡಿ. ಕೈಯಿಂದ ಐಪಿ ಕೊಟ್ಟ ಯಂತ್ರಗಳನ್ನು ಮಾತ್ರ ಹುಡುಕಿ ತಿದ್ದಿ. ಮೋಡೆಮ್‌ನಲ್ಲಿ ಇನ್ನೊಂದು ಡಿಎಚ್‌ಸಿಪಿ ಓಡುತ್ತಿದ್ದರೆ ನಿಲ್ಲಿಸಿ. ಫೈಬರ್ ಮೋಡೆಮ್ ಇದ್ದವರು ಐಪಿವಿ6 ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಕೆಲವು ಮೋಡೆಮ್‌ಗಳು ತಮ್ಮದೇ ಡಿಎನ್‌ಎಸ್ ವಿಳಾಸವನ್ನು ಐಪಿವಿ6 ದಾರಿಯಲ್ಲಿ ಎಲ್ಲ ಪಿಸಿಗಳಿಗೂ ಹಂಚಿಬಿಡುತ್ತವೆ. ಐಪಿಕಾನ್ಫಿಗ್‌ಗೆ ಆಲ್ ಸೇರಿಸಿ (ipconfig /all) ಓಡಿಸಿದರೆ ಕಾಣುತ್ತದೆ. ಡಿಎನ್‌ಎಸ್ ಸರ್ವರ್ಸ್ ಎಂಬ ಸಾಲಿನಲ್ಲಿ ನಿಮ್ಮದಲ್ಲದ ಒಂದು ವಿಳಾಸವೂ ಇರಬಾರದು.

ಈಗ ನಿಮ್ಮ ನಿಜವಾದ ಭಯಕ್ಕೆ ಬರುತ್ತೇನೆ. ಇರುವ ಒಂದು ಸರ್ವರ್ ನಿಂತರೆ ಎಲ್ಲರ ಇಂಟರ್ನೆಟ್ಟೂ ನಿಲ್ಲುತ್ತದೆ. ಹೌದು, ನಿಲ್ಲುತ್ತದೆ. ಆ ಭಯ ನ್ಯಾಯವಾದದ್ದೇ. ಅದಕ್ಕೆ ಮದ್ದು ಎರಡನೇ ಡೊಮೈನ್ ಕಂಟ್ರೋಲರ್. ಅದರಲ್ಲೂ ಡಿಎನ್‌ಎಸ್ ಹಾಕಿ, ಅದರ ವಿಳಾಸವನ್ನು ಎರಡನೇ ಪೆಟ್ಟಿಗೆಗೆ ಕೊಡಿ. ಆಗ ಪಿಸಿ ಯಾರ ಕಡೆ ತಿರುಗಿದರೂ ಉತ್ತರ ಒಂದೇ. ನಲವತ್ತು ಜನರ ಆಫೀಸಿಗೆ ದೊಡ್ಡ ಯಂತ್ರ ಏನೂ ಬೇಡ. ಲೈಸೆನ್ಸ್ ಖರ್ಚು ಇದೆ, ಮಾಲೀಕರು ಮುಖ ಗಂಟು ಹಾಕುತ್ತಾರೆ. ನಲವತ್ತು ಜನ ಅರ್ಧ ದಿನ ಸುಮ್ನೆ ಕೂತರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿ.

ಎರಡನೇ ಸರ್ವರ್ ಅಂದ ಕೂಡಲೇ ನೀವು ಕೇಳದ ಒಂದು ವಿಷಯ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. ಎರಡನೆಯದು ಬಂದ ಮರುದಿನವೇ ಎಲ್ಲರೂ ಅದನ್ನು "ಬ್ಯಾಕಪ್ ಡಿಸಿ" ಎಂದು ಕರೆಯಲು ಶುರುಮಾಡುತ್ತಾರೆ. ಡಿಸಿ ಅಂದರೆ ಡೊಮೈನ್ ಕಂಟ್ರೋಲರ್. ಈ ಹೆಸರು ವಿಂಡೋಸ್ ಎನ್‌ಟಿ ಕಾಲದ್ದು. ಆಗ ಬರೆಯುವ ಹಕ್ಕು ಪ್ರೈಮರಿಗೆ ಮಾತ್ರ, ಉಳಿದವು ಅದರ ನಕಲು. ಆಕ್ಟಿವ್ ಡೈರೆಕ್ಟರಿಯಲ್ಲಿ ಹಾಗಿಲ್ಲ. ಕೆಲವು ವಿಶೇಷ ಹೊಣೆಗಳು ಒಂದೇ ಸರ್ವರಿನಲ್ಲಿರುತ್ತವೆ. ಅಷ್ಟು ಬಿಟ್ಟರೆ ಎರಡೂ ಸಮಾನ, ಎರಡರಲ್ಲೂ ಬರೆಯಬಹುದು, ಒಂದರಲ್ಲಿ ಆದದ್ದು ಇನ್ನೊಂದಕ್ಕೆ ಹೋಗುತ್ತದೆ. ಒಂದೇ ಆಫೀಸಿನ ಒಳಗೆ ಹದಿನೈದು ಸೆಕೆಂಡಿನಷ್ಟರಲ್ಲೇ ಹೊರಡುತ್ತದೆ. ನೀವು ಕೈತಪ್ಪಿ ಅಕೌಂಟ್ಸ್ ವಿಭಾಗವನ್ನೇ ಅಳಿಸಿದರೆ ಅದೂ ಅಷ್ಟೇ ಬೇಗ ಅಳಿಸಿಹೋಗುತ್ತದೆ. ಎರಡು ಡಿಸಿ ಇರುವುದು ಕೆಲಸ ನಿಲ್ಲದಿರಲು. ಕಳೆದುಕೊಂಡದ್ದನ್ನು ಮರಳಿ ತರಲು ಅಲ್ಲ.

ಹಡಗು ಕಂಪನಿ ಮಾರ್ಸ್ಕ್‌ಗೆ 2017ರಲ್ಲಿ ಆದದ್ದು ಇದೇ. ಆ ವರ್ಷದ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್‌ಗಳನ್ನು ಹಾಳುಮಾಡುವ ವೈರಸ್ ಅವರ ನೆಟ್‌ವರ್ಕಿಗೆ ನುಗ್ಗಿತು. ಜಗತ್ತಿನಾದ್ಯಂತ ಸುಮಾರು 150 ಡೊಮೈನ್ ಕಂಟ್ರೋಲರ್‌ಗಳಿದ್ದವು. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯವಿತ್ತು. ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಬೇರೆ ಸರ್ವರುಗಳ ಬ್ಯಾಕಪ್ ಸಿಕ್ಕಿತು, ಡೊಮೈನ್ ಕಂಟ್ರೋಲರ್‌ನದು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಉಳಿದದ್ದು ಘಾನಾ ಕಚೇರಿಯ ಒಂದೇ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕಿನಿಂದ ಹೊರಗಿತ್ತು. ಅಲ್ಲಿನ ಲೈನು ನಿಧಾನ, ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇರಲಿಲ್ಲ. ಹಾರ್ಡ್ ಡಿಸ್ಕನ್ನು ನೈಜೀರಿಯಾಕ್ಕೆ ಒಯ್ದು ಕೊಟ್ಟು, ಅಲ್ಲಿಂದ ಇನ್ನೊಬ್ಬರು ವಿಮಾನದಲ್ಲಿ ಲಂಡನ್‌ಗೆ ತಂದರು. ಅಷ್ಟು ದೊಡ್ಡ ಕಂಪನಿಯ ಡೈರೆಕ್ಟರಿ ಒಂದು ಕರೆಂಟ್ ಕಡಿತದಿಂದ ಉಳಿಯಿತು.

ನೀವು ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ಸರ್ವರಿನಲ್ಲಿ ವಿಂಡೋಸ್ ಸರ್ವರ್ ಬ್ಯಾಕಪ್ ಸೇರಿಸಿ, ದಿನಕ್ಕೊಮ್ಮೆ ಸಿಸ್ಟಮ್ ಸ್ಟೇಟ್ (ಆಕ್ಟಿವ್ ಡೈರೆಕ್ಟರಿಯೂ ಸೇರಿದ ಸರ್ವರಿನ ಮುಖ್ಯ ಭಾಗ) ಬ್ಯಾಕಪ್ ತೆಗೆಯುವಂತೆ ಹೊಂದಿಸಿ. ವಾರಕ್ಕೊಂದು ಪ್ರತಿಯನ್ನು ನೆಟ್‌ವರ್ಕಿನಿಂದ ಕಳಚಿದ ಡಿಸ್ಕಿನಲ್ಲಿಡಿ. ಈಗಿನ ಡೊಮೈನ್‌ಗಳಲ್ಲಿ 180 ದಿನಕ್ಕಿಂತ ಹಳೆಯ ಪ್ರತಿ ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಕಳೆದ ವರ್ಷದ್ದೊಂದು ಬೀರುವಿನಲ್ಲಿದೆ ಎಂದು ನಿಶ್ಚಿಂತರಾಗಬೇಡಿ. ಆಕ್ಟಿವ್ ಡೈರೆಕ್ಟರಿ ರೀಸೈಕಲ್ ಬಿನ್ ತಾನಾಗಿ ಆನ್ ಆಗಿರುವುದಿಲ್ಲ, ಅದನ್ನೂ ಆನ್ ಮಾಡಿ. ಕೈತಪ್ಪಿ ಅಳಿಸಿದ ಅಕೌಂಟ್ ಗ್ರೂಪ್‌ಗಳ ಸಮೇತ ವಾಪಸ್ ಬರುತ್ತದೆ.

ಬ್ಯಾಕಪ್ ಇದ್ದರೂ ಅದನ್ನು ಡೊಮೈನ್ ಕಂಟ್ರೋಲರಿಗೆ ಮರಳಿ ತುಂಬುವಾಗ ಡಿಎಸ್‌ಆರ್‌ಎಂ (ಡೈರೆಕ್ಟರಿಯನ್ನು ದುರಸ್ತಿ ಮಾಡಲು ಸರ್ವರನ್ನು ಶುರುಮಾಡುವ ವಿಶೇಷ ಬಗೆ) ಪಾಸ್‌ವರ್ಡ್ ಬೇಕು. ಸರ್ವರನ್ನು ಡೊಮೈನ್ ಕಂಟ್ರೋಲರ್ ಮಾಡಿದ ದಿನ ಒಮ್ಮೆ ಕೇಳಿತ್ತಲ್ಲ, ಅದು. ನಾನು ಹೋದ ಕಡೆಯೆಲ್ಲ ಅದು ಯಾರಿಗೂ ನೆನಪಿರುವುದಿಲ್ಲ. ಆವತ್ತು ಹಾಕಿದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ. ಸರ್ವರ್ ಚೆನ್ನಾಗಿ ಓಡುತ್ತಿರುವಾಗ ಎನ್‌ಟಿಡಿಎಸ್‌ಯುಟಿಲ್ ಎಂಬ ಕಮಾಂಡ್‌ನಲ್ಲಿ ಎರಡು ನಿಮಿಷದಲ್ಲಿ ಬದಲಾಯಿಸಬಹುದು, ಹಳೆಯದು ಗೊತ್ತಿರಬೇಕಾಗಿಲ್ಲ. 8.8.8.8 ತೆಗೆಯಲು ಸರ್ವರ್ ಮುಂದೆ ಹೇಗೂ ಕೂರುತ್ತೀರಲ್ಲ, ಆಗಲೇ ಇದನ್ನೂ ಬದಲಾಯಿಸಿ, ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ಮಾಲೀಕರ ಬೀರುವಿನಲ್ಲಿ ಇಡಿಸಿಬಿಡಿ.