ಪದ ಪರಿಚಯ: ಇಂಧನ ತೀವ್ರತೆ

ಒಂದು ದೇಶ ವರ್ಷವಿಡೀ ಬಳಸಿದ ಒಟ್ಟು ಇಂಧನವನ್ನು ಆ ವರ್ಷದ ಜಿಡಿಪಿಯಿಂದ ಭಾಗಿಸಿದರೆ ಸಿಗುವುದೇ ಇಂಧನ ತೀವ್ರತೆ. ಒಂದು ಡಾಲರ್ ಅಥವಾ ಒಂದು ರೂಪಾಯಿ ಮೌಲ್ಯದ ಉತ್ಪನ್ನಕ್ಕೆ ಎಷ್ಟು ಮೆಗಾಜೂಲ್ (ಶಕ್ತಿಯನ್ನು ಅಳೆಯುವ ಮಾನ) ಖರ್ಚಾಯಿತು ಎಂಬ ಲೆಕ್ಕ. ಭಾಗಾಕಾರ ಸುಲಭದ್ದೇ, ತಕರಾರೆಲ್ಲ ಇರುವುದು ಮೇಲೆ ಏನು ಬರೆದಿರಿ, ಕೆಳಗೆ ಏನು ಬರೆದಿರಿ ಎಂಬುದರಲ್ಲಿ.

ಮೊದಲು ಕೆಳಗಿನದು. ಭಾರತ ಇಂಧನ ಪೋಲು ಮಾಡುವ ದೇಶ ಎಂದು ಸಾರುವ ನಕ್ಷೆ ಕಣ್ಣಿಗೆ ಬಿದ್ದರೆ, ರೂಪಾಯಿಯನ್ನು ಡಾಲರಿಗೆ ಬದಲಿಸಿದ ದರ ಯಾವುದು ಎಂದು ನೋಡಿ. 2023ರಲ್ಲಿ ಮಾರುಕಟ್ಟೆಯ ವಿನಿಮಯ ದರ ಸುಮಾರು 83 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು-ಸೇವೆ ಇಲ್ಲಿ ಸುಮಾರು 20 ರೂಪಾಯಿಗೇ ಸಿಗುತ್ತಿತ್ತು. ಈ ಕೊಳ್ಳುವ ಶಕ್ತಿಯ ದರದಲ್ಲಿ ಅಳೆದರೆ ನಮ್ಮ ಜಿಡಿಪಿ ನಾಲ್ಕು ಪಟ್ಟಾಗುತ್ತದೆ, ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. ಸುಟ್ಟ ಕಲ್ಲಿದ್ದಲು ಮಾತ್ರ ಅಷ್ಟೇ. ದೇಶ ದೇಶಗಳ ಹೋಲಿಕೆಗೆ ಎರಡನೆಯ ದರವೇ ಸರಿ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಕಾಡುವುದು ಬೆಲೆ. ಮೂಡಿಗೆರೆ, ಸಕಲೇಶಪುರದ ಕಾಫಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 2024ರಲ್ಲಿ ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಗಿಡ ಹೂ ಬಿಡಲು ಬೇಕಾದ ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಲು ಸುಟ್ಟ ಡೀಸೆಲ್ ಅಷ್ಟೇ ಇದ್ದು, ಮೂಟೆಗಳೂ ಅಷ್ಟೇ ಇದ್ದು, ಬೆಲೆ ಮಾತ್ರ ಇಮ್ಮಡಿಯಾದರೆ ತೋಟದ ಇಂಧನ ತೀವ್ರತೆ ಅರ್ಧವಾಗುತ್ತದೆ. ಪಂಪ್ ಸುಧಾರಿಸಿದ್ದಕ್ಕಲ್ಲ! ಅದಕ್ಕೇ ಜಿಡಿಪಿಯನ್ನು ಒಂದು ಆಧಾರ ವರ್ಷದ ಸ್ಥಿರ ಬೆಲೆಯಲ್ಲಿ ತೆಗೆದುಕೊಳ್ಳುವುದು.

ಮೇಲಿನ ಸಂಖ್ಯೆಯೂ ಸಾಧುವಲ್ಲ. ಮಲೆನಾಡಿನ ಬಚ್ಚಲೊಲೆಗೆ ಹಾಕುವ ಸೌದೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ? ಮಾರಾಟವಾಗುವ ಇಂಧನವನ್ನಷ್ಟೇ ಎಣಿಸಿದರೆ, ಸೌದೆ ಬಿಟ್ಟು ಗ್ಯಾಸ್ ಹಿಡಿದ ಮನೆ ಇಂಧನ ಬಳಕೆ ಹೆಚ್ಚಿಸಿದಂತೆ ಕಾಣುತ್ತದೆ. ನಿಜದಲ್ಲಿ ಬಿಸಿಯ ಬಹುಪಾಲನ್ನು ಗಾಳಿಗೆ ಬಿಡುತ್ತಿದ್ದ ಒಲೆ ಹೋಗಿ ಸುಡುವ ಇಂಧನ ತಗ್ಗಿರುತ್ತದೆ. ವಿದ್ಯುತ್ತಿನದು ಇನ್ನೊಂದು ಕಥೆ. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಕಲ್ಲಿದ್ದಲಿನಿಂದ ಅದನ್ನು ತೆಗೆಯಲು ಸುಮಾರು 10 ಮೆಗಾಜೂಲ್ ಸುಡಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಜಲವಿದ್ಯುತ್ತನ್ನು 3.6 ಎಂದೇ ಬರೆದುಕೊಳ್ಳುತ್ತದೆ, ಅಣುವಿದ್ಯುತ್ತನ್ನು ಸುಮಾರು 11 ಎಂದು. ಮನೆಗೆ ಬರುವ ಯೂನಿಟ್ ಒಂದೇ, ಪುಸ್ತಕದಲ್ಲಿ ಮೂರು ಪಟ್ಟು ವ್ಯತ್ಯಾಸ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ತೀವ್ರತೆಯನ್ನು ದಕ್ಷತೆ ಎಂದು ಓದುವಂತಿಲ್ಲ. ಪತ್ರಿಕೆಗಳು ಪದೇ ಪದೇ ಎಡವುವುದು ಇಲ್ಲೇ. ಕುದುರೆಮುಖವನ್ನೇ ನೋಡಿ. ಅಲ್ಲಿ ಕಬ್ಬಿಣದ ಅದಿರನ್ನು ಅಗೆದು, ನುಣ್ಣಗೆ ಅರೆದು, ನೀರಿನೊಡನೆ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಕಾರ್ಖಾನೆಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಚಿಕ್ಕಮಗಳೂರು ಜಿಲ್ಲೆಗೆ ಮಾತ್ರ ಈ ಲೆಕ್ಕ ಹಾಕಿದ್ದರೆ, ಮರುವರ್ಷ ಉತ್ಪನ್ನವೂ ಇಳಿಯುತ್ತಿತ್ತು, ಇಂಧನ ಅದಕ್ಕಿಂತ ಹೆಚ್ಚು ಇಳಿಯುತ್ತಿತ್ತು. ಬಂಡೆ ಅರೆಯುವ ಉದ್ದಿಮೆ ಅಷ್ಟು ವಿದ್ಯುತ್ ನುಂಗುತ್ತದೆ. ತೀವ್ರತೆ ತಗ್ಗಿತೆಂದು ಬೆನ್ನು ತಟ್ಟಿಕೊಳ್ಳಬಹುದಿತ್ತು. ಆದರೆ ಒಂದು ಮೋಟಾರನ್ನೂ ಯಾರೂ ಬದಲಿಸಿರಲಿಲ್ಲ. ಮಂಗಳೂರಿನ ಕಾರ್ಖಾನೆ ಬೇರೆ ಕಡೆಯಿಂದ ಅದಿರು ತರಿಸಿ ಅದರ ಉಂಡೆ (ಪೆಲೆಟ್) ಕಟ್ಟುವುದನ್ನು ಮುಂದುವರಿಸಿತು. ಅಗೆಯುವ, ಅರೆಯುವ ಖರ್ಚು ಬೇರೆ ಜಿಲ್ಲೆಯ ಖಾತೆಗೆ ಹೋಯಿತು. ಉಕ್ಕು, ಸಿಮೆಂಟ್ ಆಮದು ಮಾಡಿಕೊಂಡು ಬ್ಯಾಂಕು, ಸಾಫ್ಟ್‌ವೇರ್‌ಗಳಿಂದ ಗಳಿಸುವ ಶ್ರೀಮಂತ ದೇಶಗಳ ಅಂಕಿಯಲ್ಲೂ ಇದೇ ಬಗೆಯ ಇಳಿಕೆ ಸೇರಿರುತ್ತದೆ.

ದಕ್ಷತೆ ತಿಳಿಯಬೇಕಾದರೆ ರೂಪಾಯಿ ಬಿಟ್ಟು ಟನ್ನಿಗೆ ಬರಬೇಕು. ಕೇಂದ್ರದ ಇಂಧನ ದಕ್ಷತೆ ಬ್ಯೂರೋ 2012ರಲ್ಲಿ ಆರಂಭಿಸಿದ 'ಪ್ಯಾಟ್' ಯೋಜನೆ ಹಾಗೆಯೇ ಮಾಡಿತು: ಒಂದು ಟನ್ ಸಿಮೆಂಟಿಗೆ, ಒಂದು ಟನ್ ಉಕ್ಕಿಗೆ ಎಷ್ಟು ಇಂಧನ ಎಂದು ಕಾರ್ಖಾನೆಗಳಿಗೆ ಗುರಿ ಕೊಟ್ಟು, ಗುರಿಗಿಂತ ಹೆಚ್ಚು ಉಳಿಸಿದವರು ಆ ಉಳಿತಾಯದ ಪ್ರಮಾಣಪತ್ರವನ್ನು ಗುರಿ ತಪ್ಪಿದವರಿಗೆ ಮಾರಲು ಬಿಟ್ಟಿತು.