ಸ್ಪೋರ್ಟ್ ಮೋಡ್ ಎಂಜಿನ್‌ಗೆ ಇರಲಿ, ಸಸ್ಪೆನ್ಷನ್‌ಗೆ ಬೇಡ

ಇಕೋ, ಕಂಫರ್ಟ್, ಸ್ಪೋರ್ಟ್ ಅಂತ ಮೋಡ್ ಬದಲಿಸುವ ಬಟನ್ ಈಗ ಬಹಳ ಕಾರುಗಳಲ್ಲಿ ಇದೆ. ಸ್ಪೋರ್ಟ್ ಮೋಡ್ ಹಾಕಿದರೆ ಕಾರಿನ ಪವರ್ ಜಾಸ್ತಿ ಆಗುತ್ತದೆ ಅಂತ ನಂಬಿದವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಜನ ಇದ್ದಾರೆ. ಹೆಚ್ಚಿನ ಕಾರುಗಳಲ್ಲಿ ಹಾಗೇನೂ ಆಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಕಂಫರ್ಟ್‌ನಲ್ಲೂ ಅಷ್ಟೇ ಪವರ್, ಸ್ಪೋರ್ಟ್‌ನಲ್ಲೂ ಅಷ್ಟೇ. ಬದಲಾಗುವುದು ಅರ್ಧ ತುಳಿದಾಗಿನ ಕಥೆ. ಈಗಿನ ಕಾರುಗಳಲ್ಲಿ ಪೆಡಲ್‌ನಿಂದ ಎಂಜಿನ್‌ಗೆ ಕೇಬಲ್ ಇಲ್ಲ, ಸೆನ್ಸರ್ ಇದೆ. ನೀವು ಎಷ್ಟು ತುಳಿದಿರಿ ಅಂತ ಅದು ಕಂಪ್ಯೂಟರ್‌ಗೆ ಹೇಳುತ್ತದೆ. ಎಷ್ಟು ಕೊಡಬೇಕು ಅನ್ನೋದು ಕಂಪ್ಯೂಟರ್ ಲೆಕ್ಕ. ಸ್ಪೋರ್ಟ್‌ನಲ್ಲಿ ಕೈಬಿಚ್ಚಿ ಕೊಡುತ್ತದೆ, ಇಕೋದಲ್ಲಿ ಜುಗ್ಗತನ ಮಾಡುತ್ತದೆ. ಅಪವಾದಗಳೂ ಇವೆ. ಮಹೀಂದ್ರ ಎಕ್ಸ್‌ಯುವಿ 700 ಡೀಸೆಲ್‌ನ ಜಿಪ್ ಅನ್ನೋ ಸೌಮ್ಯ ಮೋಡ್‌ನಲ್ಲಿ ನಿಜವಾಗಿಯೂ ಪವರ್ ಕಡಿಮೆ.

ಗೇರ್‌ಬಾಕ್ಸ್ ಕೂಡ ಹೀಗೇ. ಸ್ಪೋರ್ಟ್‌ನಲ್ಲಿ ಕೆಳಗಿನ ಗೇರ್‌ನಲ್ಲೇ ಹೆಚ್ಚು ಹೊತ್ತು ಇರುತ್ತದೆ, ಬ್ರೇಕ್ ಹಿಡಿದರೆ ಬೇಗ ಗೇರ್ ಇಳಿಸುತ್ತದೆ. ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಇದರಿಂದ ಸಿಗುವುದು ಜರ್ಕು ಮಾತ್ರ. ಸ್ಟೇರಿಂಗ್ ಗಟ್ಟಿಯಾಗುವುದು ಮೋಟರಿನ ಸಹಾಯ ಕಡಿಮೆ ಆದ್ದರಿಂದ, ಟೈರಿನ ಹಿಡಿತ ಹೆಚ್ಚಿ ಅಲ್ಲ. ಸೌಂಡಿನ ಬಗ್ಗೆ ಹೇಳದಿರುವುದೇ ಒಳ್ಳೆಯದು. ಕೆಲವು ಕಾರುಗಳಲ್ಲಿ ಅದರಲ್ಲಿ ಒಂದು ಪಾಲು ಬರುವುದು ಒಳಗಿನ ಸ್ಪೀಕರ್‌ನಿಂದ!

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ಸಸ್ಪೆನ್ಷನ್ ಬಗ್ಗೆ.

ಮೊದಲು ನಿಮ್ಮ ಕಾರಿನಲ್ಲಿ ಅದು ಬದಲಾಗುತ್ತದಾ ಅಂತ ನೋಡಿ. ಹ್ಯುಂಡೈ ಐ20 ಎನ್ ಲೈನ್‌ನ ಡಿಸಿಟಿ (ಆಟೊಮ್ಯಾಟಿಕ್ ಗೇರ್) ಮಾಡೆಲ್‌ನಲ್ಲಿ ಮೋಡ್ ಇದೆ, ಆದರೆ ಶಾಕ್ ಅಬ್ಸಾರ್ಬರ್ ಸಾದಾ. ಮೋಡ್ ಯಾವುದೇ ಇರಲಿ, ಅದು ಒಂದೇ ಥರ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯ ಆಟೊಮ್ಯಾಟಿಕ್ ಮಾಡೆಲ್ ಡಿಎಸ್‌ಜಿಯಲ್ಲಂತೂ ಗೇರ್ ಲಿವರ್‌ನ ಎಸ್ ಬಿಟ್ಟರೆ ಬೇರೆ ಮೋಡೇ ಇಲ್ಲ. ಅಡಾಪ್ಟಿವ್ ಡ್ಯಾಂಪರ್, ಅಂದರೆ ಗಟ್ಟಿತನ ಬದಲಿಸಬಹುದಾದ ಶಾಕ್ ಅಬ್ಸಾರ್ಬರ್, ಇರುವ ಕಾರುಗಳಲ್ಲಿ ಮಾತ್ರ ಸ್ಪೋರ್ಟ್ ಒತ್ತಿದಾಗ ಅದು ಗಟ್ಟಿಯಾಗುತ್ತದೆ. ಸ್ಪ್ರಿಂಗ್ ಬದಲಾಗುವುದಿಲ್ಲ, ಒಳಗಿನ ಎಣ್ಣೆ ಹರಿಯುವ ದಾರಿ ಕಿರಿದಾಗುತ್ತದೆ. ಕೆಲವು ಕಂಪನಿಗಳು ಎಣ್ಣೆಯಲ್ಲಿ ಕಬ್ಬಿಣದ ಕಣ ಬೆರೆಸಿ ಆಯಸ್ಕಾಂತದಿಂದ ಅದನ್ನೇ ಗಟ್ಟಿ ಮಾಡುತ್ತವೆ. ಎರಡರಲ್ಲೂ ಚಕ್ರ ಮೇಲೆ ಕೆಳಗೆ ಆಡಲು ತಡೆ ಜಾಸ್ತಿ.

ರೇಸ್ ಟ್ರ್ಯಾಕಿನ ನುಣುಪಿನಲ್ಲಿ ಇದು ಸರಿ. ತಿರುವಿನಲ್ಲಿ ಕಾರು ಥಟ್ಟನೆ ವಾಲುವುದಿಲ್ಲ. ನಮ್ಮ ಕಡೆ ರಸ್ತೆಯ ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಡಾಂಬರೂ ಅದರ ಜೊತೆಗೇ ಏಳುತ್ತದೆ, ಇಳಿಯುತ್ತದೆ. ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋಗುವಾಗ ಗುಂಡಿ ಕಾಣದಿದ್ದರೂ ಕಾರು ತೇಲಿದಂತೆ ಆಗುತ್ತದೆ ಅಲ್ವಾ, ಅದು ಇದೇ. ಇಂಥ ಕಡೆ ಡ್ಯಾಂಪರ್ ಗಟ್ಟಿ ಇದ್ದರೆ ಚಕ್ರ ಉಬ್ಬು ಹತ್ತಿ ಅಷ್ಟೇ ಬೇಗ ಕೆಳಗೆ ಬರಲಾರದು. ಒಂದು ಕ್ಷಣ ಟೈರಿನ ಮೇಲಿನ ಭಾರ ಹಗುರಾಗುತ್ತದೆ. ಭಾರ ಹಗುರಾದರೆ ಹಿಡಿತವೂ ಹಗುರ. ಗಟ್ಟಿ ಇದ್ದಷ್ಟು ಕಂಟ್ರೋಲ್ ಜಾಸ್ತಿ ಅಂದುಕೊಂಡವರು ಇಲ್ಲೇ ಮೋಸ ಹೋಗುವುದು.

ನೀವೇ ನೋಡಬಹುದು. ಟ್ರಾಫಿಕ್ ಇಲ್ಲದ, ಅಲೆ ಅಲೆಯಾದ ಒಂದು ರಸ್ತೆಯಲ್ಲಿ 60ರ ವೇಗದಲ್ಲಿ ಹೋಗಿ. ಬಟನ್ ಒತ್ತುವ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ. ಕಂಫರ್ಟ್‌ನಲ್ಲಿ ಬಾನೆಟ್ ಒಮ್ಮೆ ಏರಿ, ಇಳಿದು, ಸುಮ್ಮನಾಗುತ್ತದೆ. ತಿರುಗಿ ಬಂದು ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಸ್ಪೋರ್ಟ್ ಹಾಕಿ. ನಿಮ್ಮ ತಲೆ ಅತ್ತಿತ್ತ ಕುಕ್ಕುತ್ತದೆ, ಸ್ಟೇರಿಂಗ್ ಕೈಯಲ್ಲಿ ಸಣ್ಣಗೆ ಜಗ್ಗುತ್ತದೆ.

ಗೋಕುಲ ರೋಡಿನ ನಮ್ಮ ವರ್ಕ್‌ಶಾಪ್‌ಗೆ ಟೈರಿನ ಪಕ್ಕ ನಿಂಬೆಹಣ್ಣಿನಷ್ಟು ಉಬ್ಬಿದ ಕಾರುಗಳು ಬರುತ್ತಲೇ ಇರುತ್ತವೆ. "ಸರ, ನಾ ಯಾವಾಗಲೂ ಸ್ಪೋರ್ಟ್ ಪ್ಲಸ್‌ನ್ಯಾಗ ಓಡಸ್ತೀನ್ರಿ, ಅದಕ್ಕ ಅಲ್ರಿ ಇಷ್ಟ್ ರೊಕ್ಕ ಕೊಟ್ಟಿದ್ದು?" ಅಂತ ಒಬ್ಬರು ಕೇಳಿದರು. ಅವರ ಟೈರಿನ ಮೇಲೆ 225/40 ಆರ್ 18 ಅಂತ ಇತ್ತು. ಅಂದರೆ ರಿಮ್ಮಿನಿಂದ ರಸ್ತೆಗೆ ಇರುವ ರಬ್ಬರು ಬರೀ 90 ಮಿಲಿಮೀಟರ್. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಅದು ಸಿಕ್ಕಿಕೊಂಡು ಒಳಗಿನ ದಾರ ಹರಿದರೆ ಈ ಉಬ್ಬು ಬರುತ್ತದೆ. ಮೋಡ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ವೇಗ, ಕಡಿಮೆ ಗಾಳಿ ಮೊದಲ ಕಾರಣಗಳು. ಆದರೆ ಡ್ಯಾಂಪರ್ ಮಣಿಯದಿದ್ದರೆ ಆ ಏಟು ಪೂರ್ತಿ ಟೈರೇ ತಿನ್ನಬೇಕು.

ಹಾಗಾದರೆ ಏನು ಮಾಡಬೇಕು? ಇಂಥ ಹೆಚ್ಚಿನ ಕಾರುಗಳ ಮೆನುವಿನಲ್ಲಿ ಇಂಡಿವಿಜುವಲ್ ಅಂತ ಒಂದು ಮೋಡ್ ಇರುತ್ತದೆ, ಒಂದೊಂದನ್ನೂ ಬೇರೆ ಬೇರೆಯಾಗಿ ಹೊಂದಿಸಲು. ಬಹಳ ಜನ ಅದನ್ನು ತೆರೆದೇ ಇರುವುದಿಲ್ಲ. ಎಂಜಿನ್ ಸ್ಪೋರ್ಟ್, ಗೇರ್‌ಬಾಕ್ಸ್ ನಿಮ್ಮಿಷ್ಟ, ಸ್ಟೇರಿಂಗ್ ಕಂಫರ್ಟ್, ಸಸ್ಪೆನ್ಷನ್ ಕಂಫರ್ಟ್. ನಾನು ಗ್ರಾಹಕರಿಗೆ ಹಾಕಿಕೊಡುವುದು ಇದನ್ನೇ. "ಫಾಸ್ಟ್ ಗಾಡಿಗೆ ಮೆತ್ತನ ಸಸ್ಪೆನ್ಷನ್ನಾ?" ಅಂತ ನಗುವವರಿಗೆ ಫೆರಾರಿಯ ಉದಾಹರಣೆ ಕೊಡುತ್ತೇನೆ. 2007ರಲ್ಲಿ ಬಂದ 430 ಸ್ಕುಡೆರಿಯಾದಲ್ಲಿ, ಮೋಡ್ ರೇಸ್‌ನಲ್ಲಿದ್ದರೂ ಡ್ಯಾಂಪರ್ ಮಾತ್ರ ಮೆತ್ತಗೆ ಮಾಡಲು ಬೇರೆ ಬಟನ್ ಇಟ್ಟರು. ಅಲ್ಲಿನ ರಸ್ತೆಗಳಿಗೇ ಅದು ಬೇಕಾಯಿತು!

ಏರ್ ಸಸ್ಪೆನ್ಷನ್ (ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲ) ಇದ್ದರೆ ಇನ್ನೊಂದು ವಿಷಯ. ಅಂಥ ಹಲವು ಕಾರುಗಳು ಸ್ಪೋರ್ಟ್‌ಗೆ ಹೋದರೆ ಕೆಳಗೆ ಇಳಿಯುತ್ತವೆ. ನಮ್ಮೂರಿನ ಹಂಪುಗಳ ಮೇಲೆ ಆಮೇಲೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಸ್ಪೋರ್ಟ್ ನಿಜವಾಗಿ ಉಪಯೋಗಕ್ಕೆ ಬರುವುದು ಓವರ್‌ಟೇಕ್‌ಗೆ. ಎರಡು ಲೇನ್ ರಸ್ತೆಯಲ್ಲಿ ಲಾರಿಯ ಹಿಂದೆ ಇದ್ದಾಗ, ಹೊರಗೆ ಬರುವ ಮೊದಲೇ ಮೋಡ್ ಬದಲಿಸಿ. ಆಗ ಗೇರ್ ಇಳಿದು ಎಂಜಿನ್ ತಯಾರಾಗಿರುತ್ತದೆ, ಎದುರು ಲೇನಿನಲ್ಲಿ ನೀವು ಇರುವ ಹೊತ್ತು ಕಡಿಮೆ. ಪೋರ್ಶೆಯವರು ಇದಕ್ಕೇ ಸ್ಟೇರಿಂಗ್ ಮೇಲೆ 20 ಸೆಕೆಂಡಿನ ಬಟನ್ ಇಟ್ಟಿದ್ದಾರೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲೂ ಸ್ಪೋರ್ಟ್ ಅಥವಾ ಸ್ಟೇರಿಂಗ್ ಹಿಂದಿನ ಗೇರ್ ಪ್ಯಾಡಲ್ ಒಳ್ಳೆಯದು, ಎಂಜಿನ್ ಬ್ರೇಕ್ ಸಿಗುತ್ತದೆ, ಅಂದರೆ ಎಂಜಿನ್ನೇ ಗಾಡಿಯ ವೇಗ ತಡೆಯುತ್ತದೆ. ಅಲ್ಲಿ ಇಕೋ ಮಾತ್ರ ಬೇಡ. ಕೆಲವು ಕಾರುಗಳಲ್ಲಿ ಇಕೋದಲ್ಲಿ ಕಾಲು ತೆಗೆದರೆ ಕ್ಲಚ್ ಬಿಟ್ಟು ಗಾಡಿ ತಾನಾಗಿ ಉರುಳುತ್ತದೆ, ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ಕಾರು ಜಾರದಂತೆ ತಡೆಯುವ ಇಎಸ್‌ಸಿ ಬಗ್ಗೆ ನನ್ನದು ಒಂದೇ ಮಾತು: ಮುಟ್ಟಬೇಡಿ. ಕೆಲವು ಕಾರುಗಳಲ್ಲಿ ಸ್ಪೋರ್ಟ್ ಪ್ಲಸ್ ಅಥವಾ ರೇಸ್ ಒತ್ತಿದೊಡನೆ ಅದು ತಾನಾಗಿಯೇ ಸಡಿಲವಾಗುತ್ತದೆ, ಹಿಂದಿನ ಚಕ್ರ ಸ್ವಲ್ಪ ಜಾರಲು ಬಿಡುತ್ತದೆ. ಅದಕ್ಕೆ ಜಾಗ ಚೆನ್ನೈ, ಕೊಯಮತ್ತೂರಿನ ಟ್ರ್ಯಾಕು. ಮೊದಲ ಮಳೆ ಬಿದ್ದ ಮೇಲೆ ನವಲಗುಂದ ರಸ್ತೆ ನೋಡಿ. ಹೊಲದಿಂದ ಬಂದ ಟ್ರ್ಯಾಕ್ಟರ್ ಚಕ್ರಗಳು ಅಂಗೈ ಅಗಲದ ಎರೆಮಣ್ಣಿನ ಹೆಂಟೆ ಉದುರಿಸಿಕೊಂಡು ಹೋಗಿರುತ್ತವೆ. ಜಿಟಿಜಿಟಿ ಮಳೆಗೆ ಅದು ಡಾಂಬರಿನ ಮೇಲೆ ಸವರಿದಂತೆ ಹರಡುತ್ತದೆ. ಅಲ್ಲಿ ವೆಟ್ ಮೋಡ್ ಇದ್ದರೆ ವೆಟ್, ಇಲ್ಲದಿದ್ದರೆ ಕಂಫರ್ಟ್.

ಸೆಟ್ಟಿಂಗ್ ಮಾಡಿದ ಮೇಲೆ ಒಂದು ಸಲ ಕಾರು ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ನೋಡಿ. ಬಹಳ ಕಾರುಗಳು ಪ್ರತಿ ಸಲ ಕಂಫರ್ಟ್‌ಗೇ ವಾಪಸ್ ಹೋಗುತ್ತವೆ, ಇಂಡಿವಿಜುವಲ್ ಅನ್ನು ನೀವೇ ಆರಿಸಬೇಕು. ಕೆಲವು ಕಾರುಗಳಲ್ಲಿ ಸೆಟ್ಟಿಂಗ್ ಕೀ ಜೊತೆ ಉಳಿಯುತ್ತದೆ. ಮನೆಯಲ್ಲಿ ಮಗ ಎರಡನೇ ಕೀ ತಗೊಂಡು ಹೋಗುವವನಾದರೆ, ಆ ಕೀಯಿಂದಲೂ ಸ್ಟಾರ್ಟ್ ಮಾಡಿ ಅದೇ ಸೆಟ್ಟಿಂಗ್ ಹಾಕಿಡಿ.