ಎರಡನೇ ಗೇಮ್‌ನ ಬೆಲೆ ಮೊದಲನೆಯದರಲ್ಲೇ ಇದೆ

ಗೇಮ್ ಮಾಡುವ ಸಣ್ಣ ತಂಡಗಳು ಲೆಕ್ಕ ಹಿಡಿದುಕೊಂಡು ನನ್ನ ಹತ್ತಿರ ಬಂದಾಗ ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ. ಬೆಲೆ ಎಷ್ಟಿಡೋಣ? ಇದರದ್ದೇ ಎರಡನೇ ಭಾಗ ಮಾಡೋಣವಾ, ಇಲ್ಲ ಹೊಸದೇನಾದರೂ ಶುರು ಮಾಡೋಣವಾ? ಎರಡಕ್ಕೂ ಸಂಬಂಧ ಇಲ್ಲ ಅಂತಲೇ ಅವರು ಅಂದುಕೊಂಡಿರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ಗೇಮನ್ನು ಹೇಗೆ ಮಾರಿದಿರಿ ಅನ್ನುವುದರಲ್ಲೇ ಎರಡನೆಯದರ ಬೆಲೆ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಮೊದಲು ಕೈಗೆ ಬರುವ ದುಡ್ಡು ನೋಡಿ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಭಾರತದ ಬೆಲೆ 590 ರೂಪಾಯಿ ಇಟ್ಟಿದ್ದೀರಿ ಅಂದುಕೊಳ್ಳಿ. ಅದರೊಳಗೇ 18% ಜಿಎಸ್‌ಟಿ ಇದೆ. ಅದು ಹೋದರೆ ಉಳಿಯುವುದು 500. ಸ್ಟೀಮ್ ತನ್ನ 30% ಹಿಡಿದುಕೊಂಡರೆ 350. ಆ ಪಾಲು 25%ಗೆ ಇಳಿಯುವುದು ಗೇಮ್‌ನ ಗಳಿಕೆ ಒಂದು ಕೋಟಿ ಡಾಲರ್ ದಾಟಿದ ಮೇಲೆ. ಸದ್ಯಕ್ಕೆ ಅದನ್ನು ಮರೆತುಬಿಡಿ! ಅರ್ಧ ಬೆಲೆಗೆ ಕೊಟ್ಟ ದಿನ ಈ 350 ಕೂಡ 175 ಆಗುತ್ತದೆ. ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಅಲ್ಲಿನ ತೆರಿಗೆ ಕಡಿತ ಬೇರೆ. ಖಾತೆ ತೆರೆಯುವಾಗ ತೆರಿಗೆ ಫಾರಂನಲ್ಲಿ ಪ್ಯಾನ್ ನಂಬರ್ ಕೊಟ್ಟು ಭಾರತ–ಅಮೆರಿಕ ತೆರಿಗೆ ಒಪ್ಪಂದದ ಕಾಲಂ ತುಂಬಿದರೆ 15%, ಬಿಟ್ಟರೆ 30%. ಬೆಂಗಳೂರಿನ ಹುಡುಗರು ಗೇಮ್‌ನ ಒಂದೊಂದು ಪಿಕ್ಸೆಲ್‌ಗೂ ತಲೆ ಕೆಡಿಸಿಕೊಳ್ಳುತ್ತಾರೆ, ಈ ಫಾರಂ ಮಾತ್ರ ರಾತ್ರಿ ನಿದ್ದೆಗಣ್ಣಲ್ಲಿ ತುಂಬಿರುತ್ತಾರೆ.

ಇನ್ನು ರಿಯಾಯಿತಿ. ಗೇಮನ್ನು ವಿಶ್‌ಲಿಸ್ಟ್‌ನಲ್ಲಿ, ಅಂದರೆ ಮುಂದೆ ಕೊಳ್ಳೋಣ ಅಂತ ಗುರುತು ಹಾಕಿದ ಪಟ್ಟಿಯಲ್ಲಿ, ಇಟ್ಟುಕೊಂಡವರಿಗೆ 20% ಅಥವಾ ಅದಕ್ಕಿಂತ ಜಾಸ್ತಿ ಇಳಿಸಿದಾಗ ಸ್ಟೀಮ್ ತಾನೇ ಮೇಲ್ ಕಳಿಸುತ್ತದೆ. ಒಂದು ರಿಯಾಯಿತಿ ಮುಗಿದ ಮೇಲೆ ಇನ್ನೊಂದಕ್ಕೆ 30 ದಿನ ಕಾಯಬೇಕು. ದೊಡ್ಡ ಸೀಸನ್ ಸೇಲ್‌ಗಳಿಗೆ ಮಾತ್ರ ಈ ನಿಯಮ ಇಲ್ಲ. ಆ ಮೇಲ್ ಹೋದ ದಿನ ಮಾರಾಟದ ಗ್ರಾಫ್ ಗೋಪುರದ ಹಾಗೆ ಏಳುತ್ತದೆ, ನೋಡಿದವರಿಗೆ ಅಮಲು ಏರುತ್ತದೆ. ಮುಂದಿನ ಸಲ 20% ಸಾಲುವುದಿಲ್ಲ, 33% ಬೇಕು. ಅದರ ಮುಂದಿನ ಸಲ 50%. ಮೊದಲ ವರ್ಷವೇ 75%ಗೆ ಬಂದು ನಿಂತ ತಂಡಗಳಿವೆ. ಆಷಾಢ ಸೇಲ್ ಬರಲಿ ಅಂತ ಜನ ಸೀರೆ ಅಂಗಡಿಗೆ ಕಾಲಿಡದೆ ಕಾಯುವುದಿಲ್ವಾ, ಹಾಗೆಯೇ ಇದು. ಸ್ಟೀಮ್‌ನ ಸಮ್ಮರ್ ಸೇಲ್ ಕೂಡ ಸಾಮಾನ್ಯವಾಗಿ ಅದೇ ಆಸುಪಾಸಿನಲ್ಲಿ ಬರುತ್ತದೆ ಅನ್ನುವುದು ಬೇರೆ ಮಾತು.

ಈ ದಾರಿಗೇ ಹೋಗದ ಒಂದು ತಂಡ ಇದೆ. ಪ್ರಾಗ್‌ನ ವೂಬ್ ಸಾಫ್ಟ್‌ವೇರ್ ತನ್ನ 'ಫ್ಯಾಕ್ಟೋರಿಯೋ' ಗೇಮನ್ನು ಒಂದು ದಿನವೂ ಸೇಲ್‌ಗೆ ಹಾಕಿಲ್ಲ. ಬದಲಿಗೆ 2023ರ ಜನವರಿಯಲ್ಲಿ ಹಣದುಬ್ಬರದ ಕಾರಣ ಕೊಟ್ಟು, ಮೊದಲೇ ತಿಳಿಸಿ, 30 ಡಾಲರ್ ಇದ್ದದ್ದನ್ನು 35 ಮಾಡಿತು. ಗೊಣಗಿದವರು ಗೊಣಗಿದರು. ಆದರೆ 2024ರ ಅಕ್ಟೋಬರ್‌ನಲ್ಲಿ 'ಸ್ಪೇಸ್ ಏಜ್' ಅನ್ನುವ ವಿಸ್ತರಣೆಯನ್ನು (ಮೂಲ ಗೇಮ್‌ಗೆ ಸೇರಿಸಿ ಆಡುವ ಹೊಸ ಭಾಗ) ಮೂಲ ಗೇಮ್‌ನಷ್ಟೇ ಬೆಲೆಗೆ, ಅಂದರೆ 35 ಡಾಲರ್‌ಗೆ ಇಡಲು ಆ ತಂಡಕ್ಕೆ ಧೈರ್ಯ ಬಂದದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಮೂಲ ಗೇಮನ್ನು 5 ಡಾಲರ್‌ಗೆ ಕೊಂಡ ಮನುಷ್ಯನ ಮುಂದೆ 35 ಡಾಲರ್‌ನ ವಿಸ್ತರಣೆ ಇಟ್ಟು ನೋಡಿ, ನಕ್ಕುಬಿಡುತ್ತಾನೆ. ಎಲ್ಲರೂ ಇವರ ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ನೂರಾರು ಗಂಟೆ ಆಡಿಸುವ ಗೇಮ್‌ಗೆ ಅದು ನಡೆಯುತ್ತದೆ. ಮೂರು ಗಂಟೆಯ ಕಥೆ ಹೇಳುವ ಗೇಮ್‌ಗೆ ರಿಯಾಯಿತಿ ಬೇಕೇಬೇಕು. ಆದರೆ ನಿಧಾನವಾಗಿ ಇಳಿಯಿರಿ.

ವಿಸ್ತರಣೆಯೋ ಎರಡನೇ ಭಾಗವೋ ಅನ್ನುವ ಗೊಂದಲಕ್ಕೆ ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಒಳ್ಳೆಯ ಉದಾಹರಣೆ. 2017ರಲ್ಲಿ 'ಹಾಲೋ ನೈಟ್' 15 ಡಾಲರ್‌ಗೆ ಬಂತು. ಜನರಿಂದ ಮುಂಗಡ ದುಡ್ಡು ಎತ್ತುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ದುಡ್ಡು ಹಾಕಿದವರಿಗೆ ಹಾರ್ನೆಟ್ ಅನ್ನುವ ಪಾತ್ರವಾಗಿ ಆಡುವ ಒಂದು ಸೇರ್ಪಡೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಅದು ಬೆಳೆದೂ ಬೆಳೆದೂ 2019ರಲ್ಲಿ 'ಸಿಲ್ಕ್‌ಸಾಂಗ್' ಅನ್ನುವ ಪೂರ್ತಿ ಬೇರೆ ಗೇಮ್ ಅಂತ ಘೋಷಣೆಯಾಯಿತು. ಬಿಡುಗಡೆ ಆದದ್ದು 2025ರ ಸೆಪ್ಟೆಂಬರ್ 4ಕ್ಕೆ, 20 ಡಾಲರ್‌ಗೆ. ಆ ದಿನ ಸ್ಟೀಮ್ ಸ್ಟೋರೇ ಕುಸಿದು ಬಿತ್ತು. ಎದುರಿಗೆ ನಿಲ್ಲಲಾಗದೆ ಎಷ್ಟೋ ಸಣ್ಣ ತಂಡಗಳು ತಮ್ಮ ತಾರೀಕು ಮುಂದೆ ಹಾಕಿದವು. ಇಷ್ಟು ವರ್ಷ ಕೂತು ಮಾಡಲು ಆದದ್ದು ಮೊದಲ ಗೇಮ್ ಒಂದೂವರೆ ಕೋಟಿ ಪ್ರತಿ ಮಾರಾಟವಾಗಿ ಅನ್ನ ಹಾಕುತ್ತಿದ್ದುದರಿಂದ. ನಿಮ್ಮ ಮೊದಲ ಗೇಮ್ ಆರು ತಿಂಗಳ ಬಾಡಿಗೆ ಕಟ್ಟುವಷ್ಟೇ ದುಡಿದಿದ್ದರೆ ಅವರ ದಾರಿ ನಿಮಗಲ್ಲ.

ವಿಸ್ತರಣೆ ಕೊಳ್ಳುವವರು ಮೂಲ ಗೇಮ್ ಇರುವವರೇ. ಅಲ್ಲಿ ನಿಮ್ಮ ಮಾರುಕಟ್ಟೆಗೆ ಮಿತಿ ಇದೆ, ಆದರೆ ಕೆಲಸ ಕಮ್ಮಿ, ಹಳೆಯ ರಿವ್ಯೂಗಳೂ ಕೈಬಿಡುವುದಿಲ್ಲ. ಸೀಕ್ವೆಲ್, ಅಂದರೆ ಎರಡನೇ ಭಾಗ ಮಾಡಿದರೆ ರಿವ್ಯೂ ಸೊನ್ನೆಯಿಂದ, ವಿಶ್‌ಲಿಸ್ಟ್ ಸೊನ್ನೆಯಿಂದ. ಜೊತೆಗೆ 'ಮೊದಲನೆಯದು ಆಡದೆ ಇದು ಅರ್ಥ ಆಗುತ್ತಾ?' ಅನ್ನುವ ಪ್ರಶ್ನೆ.

ಹಾಗಾಗಿ ಸೀಕ್ವೆಲ್ ವಿಚಾರ ಬಂದಾಗ ನಾನು ಮಾರಾಟದ ಸಂಖ್ಯೆ ಮೊದಲು ಕೇಳುವುದಿಲ್ಲ. ಸ್ಟೀಮ್‌ನ ಅಚೀವ್‌ಮೆಂಟ್ (ಗೇಮ್‌ನಲ್ಲಿ ಒಂದೊಂದು ಹಂತ ಮುಟ್ಟಿದಾಗ ಆಟಗಾರನಿಗೆ ಸಿಗುವ ಗುರುತು) ಪುಟ ತೆಗೆಸುತ್ತೇನೆ. ಗೇಮ್ ಮುಗಿಸಿದವರಿಗೆ ಸಿಗುವ ಅಚೀವ್‌ಮೆಂಟ್ ಎಷ್ಟು ಶೇಕಡಾ ಜನರ ಬಳಿ ಇದೆ, ಪೂರ್ತಿ ಬೆಲೆ ಕೊಟ್ಟವರು ಎಷ್ಟು, ಇವೆರಡೇ ನನಗೆ ಬೇಕು. 80% ರಿಯಾಯಿತಿಯಲ್ಲಿ ಕೊಂಡು ಲೈಬ್ರರಿಯಲ್ಲಿ ಸುಮ್ನೆ ಬಿಸಾಕಿದವರು ಲೆಕ್ಕದಲ್ಲಿ ಗ್ರಾಹಕರು, ಎರಡನೇ ಭಾಗದ ಪಾಲಿಗೆ ಅಪರಿಚಿತರು. ಮುಗಿಸಿದವರು ಸಾಕಷ್ಟಿದ್ದರೆ ಮೊದಲನೆಯದರ ದೊಡ್ಡ ರಿಯಾಯಿತಿಯನ್ನು ಎರಡನೆಯದರ ಘೋಷಣೆಯ ವಾರಕ್ಕೆ ಎತ್ತಿಡಿ. ಅವತ್ತು ಕೊಟ್ಟ ರಿಯಾಯಿತಿ ಬರೀ ದುಡ್ಡು ತರುವುದಿಲ್ಲ, ಹೊಸ ಗೇಮ್‌ಗೆ ವಿಶ್‌ಲಿಸ್ಟ್ ಕೂಡ ತರುತ್ತದೆ. ಎರಡನೆಯದು ಬಿಡುಗಡೆ ಆದ ದಿನ ಎರಡನ್ನೂ ಸೇರಿಸಿ ಬಂಡಲ್ ಮಾಡಿ. ಮೊದಲನೆಯದು ಈಗಾಗಲೇ ಇರುವವರಿಗೂ ಉಳಿದದ್ದರ ಮೇಲೆ ಬಂಡಲ್ ರಿಯಾಯಿತಿ ಸಿಗುತ್ತದೆ, ಹೊಸ ಗೇಮ್‌ನ ಬೆಲೆ ಪಟ್ಟಿಯಲ್ಲಿ ಮಾತ್ರ ಇಳಿದಿರುವುದಿಲ್ಲ.